ಬಟ್ಟೆ ಮುಚ್ಚಿದ ಮೂಲೆ

ನಮ್ಮ ಊರಿನಲ್ಲಿ ಯಾವ ಅಂಗಡಿಗೂ ಮನುಷ್ಯರ ಹೆಸರಿಲ್ಲ. ಮೂರು ಮೆಟ್ಟಿಲ ದಿನಸಿ, ಬೇವಿನ ಮರದ ಟೈಲರ್, ಓರೆಗಂಬದ ಹೋಟೆಲ್, ಹೀಗೆ. ನನ್ನದು ನೀಲಿ ಬಾಗಿಲು ಕಂಪ್ಯೂಟರ್ಸ್. ಬೋರ್ಡು ಬರೆಯಲು ಬಂದ ಪೇಂಟರ್ ಹೊರಗಿನವನು, ಪಾಪ. "ಅಕ್ಕ, ನಿಮ್ಮ ಹೆಸರೇ ಇಟ್ಟುಬಿಡಿ, ಚೆನ್ನಾಗಿ ಕಾಣುತ್ತೆ" ಅಂದ. ನಾನು ಸತ್ತ ದಿನ ಬೋರ್ಡಿನ ಅರ್ಧ ಬೋಳಾಗಿ ನಿಲ್ಲುತ್ತದೆ, ಅದು ಚೆನ್ನಾಗಿ ಕಾಣುತ್ತದೇನಪ್ಪ ಎಂದು ಕೇಳಿದೆ. ತಮಾಷೆ ಎಂದುಕೊಂಡು ನಕ್ಕ. ತಮಾಷೆಯೇನಲ್ಲ. ನಮ್ಮವರೊಬ್ಬರು ತೀರಿಕೊಂಡರೆ ಅವರ ಹೆಸರು ಊರೊಳಗೆ ಎಲ್ಲೆಲ್ಲಿ ಬರೆದಿದೆಯೋ ಅಲ್ಲೆಲ್ಲ ಅಳಿದುಹೋಗುತ್ತದೆ. ಕಾಗದದ ಮೇಲೆ ಬರೆದದ್ದಾಗಲಿ, ಕಲ್ಲಿನಲ್ಲಿ ಕೆತ್ತಿದ್ದಾಗಲಿ, ಎಲ್ಲ ಒಂದೇ. ಮತ್ತೆ ಬರೆದರೂ ನಿಲ್ಲುವುದಿಲ್ಲ.

ರೂಢಿಯಾದ ಮೇಲೆ ಇದೇನೂ ದೊಡ್ಡ ತೊಂದರೆಯಲ್ಲ. ಬೇರೆ ಕಡೆ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೊರೆಸುತ್ತಾರಂತೆ. ನಮ್ಮಲ್ಲಿ ಒಂದೊಂದು ಮನೆಗೆ ಒಂದೊಂದು ಗುರುತು. ನಮ್ಮ ಮನೆಯದು ಮೂರು ಚುಕ್ಕಿ. ಶಾಲೆಯಲ್ಲಿ ಹಾಜರಿ ಕೂಗುವುದು ನಂಬರಿನ ಮೇಲೆ. ಫೋನಿನಲ್ಲಿ ಯಾರದೇ ನಂಬರು ಇಟ್ಟುಕೊಂಡರೂ "ದೊಡ್ಡಮ್ಮನ ಕಿರಿಮಗ", "ಹಾಲಿನೋರು", "ಮೇಲ್ಗಡೆ ಮನೆ ಅತ್ತೆ" ಎಂದೇ ಇಟ್ಟುಕೊಳ್ಳುತ್ತೇವೆ. ಲಗ್ನಪತ್ರಿಕೆಯನ್ನು ಮಾತ್ರ ಹೆಸರಿಲ್ಲದೆ ಅಚ್ಚು ಹಾಕಿಸುವುದಕ್ಕಾಗುವುದಿಲ್ಲವಲ್ಲ. ಅದನ್ನು ಮದುವೆ ಮುಗಿದ ಮೇಲೆ ಟ್ರಂಕಿನ ತಳಕ್ಕೆ ಹಾಕಿಬಿಡುತ್ತಾರೆ. ಇಪ್ಪತ್ತು ವರ್ಷ ಬಿಟ್ಟು ತೆಗೆದರೆ "ಸುಖಾಗಮನ ಬಯಸುವವರು" ಎಂಬುದರ ಕೆಳಗೆ ಬರೀ ಬಿಳಿ ಜಾಗ. ಹೋದವರ ಹೆಸರು ನಮ್ಮಲ್ಲಿ ಇರುವುದು ಬಾಯಲ್ಲಿ ಮಾತ್ರ. ಅಳಿದದ್ದನ್ನು ಮೊದಲು ಕಂಡವರು ಆ ಮನೆ ಬಾಗಿಲಿಗೆ ಹೋಗಿ ಹೆಸರು ಕೂಗಬೇಕು. ಮನೆಯವರು ಅವತ್ತು ಸಂಜೆ ದೀಪ ಹಚ್ಚುವುದರೊಳಗೆ ಅದೇ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಏನಾಗುತ್ತದೋ, ಪರೀಕ್ಷೆ ಮಾಡಿ ನೋಡುವ ಧೈರ್ಯ ಇಲ್ಲಿಯವರೆಗೆ ಯಾರಿಗೂ ಬಂದಿಲ್ಲ.

ಕಷ್ಟವೆಲ್ಲ ಊರು ಬಿಟ್ಟು ದೂರ ಹೋದವರ ಮನೆಯಲ್ಲಿ. ನಮ್ಮದು ಕಲ್ಲು ಒಡೆಯುವವರ ಊರು. ಇಲ್ಲಿಯ ಬಂಡೆ ತೀರಿದ ಮೇಲೆ ಗಂಡಸರು ದೂರದ ಬೆಟ್ಟಗಳಲ್ಲಿ ಸುರಂಗ ಕೊರೆಯುವ ಕೆಲಸಕ್ಕೆ ಹೋಗುತ್ತಾರೆ, ಎಂಟು ತಿಂಗಳು, ಹತ್ತು ತಿಂಗಳು. ಅಲ್ಲಿ ಫೋನ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಹೋದವನ ಹೆಸರು ಮನೆಯಲ್ಲಿ ಕಣ್ಣೆದುರಿಗಿದ್ದರೆ ಆ ಮನೆಯ ಹೆಂಗಸಿನ ಗತಿಯೇನು? ಒಲೆ ಮುಂದೆ ಕೂತವಳು ಎದ್ದೆದ್ದು ಹೋಗಿ ನೋಡುತ್ತಾಳೆ. ಇದೆಯಾ, ಇದೆ. ಇದೆಯಾ, ಇದೆ. ಅದಕ್ಕೇ ನಮ್ಮ ಹಿರಿಯರು ಒಂದು ಕಟ್ಟಳೆ ಮಾಡಿದರು: ಹೊರಟವನ ಹೆಸರಿರುವ ಕಾಗದಪತ್ರಗಳನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕಬೇಕು, ಗಂಟಿಗೆ ಸಿಗದ್ದನ್ನು ಬಟ್ಟೆಯಿಂದ ಮುಚ್ಚಬೇಕು. ಅವನು ಬಂದು ತಾನೇ ಬಿಚ್ಚುವವರೆಗೆ ಯಾರೂ ನೋಡಕೂಡದು. ಒಳ್ಳೆಯ ಕಟ್ಟಳೆಯೇ. ಆದರೆ ನನ್ನ ಅಣ್ಣ ಹೋದವನು ಬರಲಿಲ್ಲ, ಅಮ್ಮ ಆರು ವರ್ಷ ಗಂಟು ಮುಟ್ಟಲಿಲ್ಲ. ಕೊನೆಗೆ ಇಲಿ ಹೊಕ್ಕಿತೆಂದು ಬಿಚ್ಚಿದರೆ ಕಾಗದಗಳೆಲ್ಲ ಬೋಳು. ಅವನು ಯಾವ ವರ್ಷ, ಯಾವ ತಿಂಗಳು ಹೋದನೋ ಇವತ್ತಿಗೂ ನಮಗೆ ಗೊತ್ತಿಲ್ಲ. ಅಮ್ಮ ಸಾಯುವವರೆಗೂ ಅವನಿಗೆ ತಿಥಿ ಮಾಡುವುದು ಯಾವ ದಿನ ಎಂದು ಕೇಳುತ್ತಲೇ ಇದ್ದಳು.

ಇರಲಿ, ನಾನು ಹೇಳಹೊರಟದ್ದು ಹಾಲಮ್ಮನ ಕಂಪ್ಯೂಟರಿನ ವಿಷಯ. ಹಾಲಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು. ಒಂದು ಗುರುವಾರ ಮಧ್ಯಾಹ್ನ ಸಿಪಿಯುವನ್ನು ಹಳೆ ಸೀರೆಯಲ್ಲಿ ಸುತ್ತಿ, ಮಗುವನ್ನು ಆಸ್ಪತ್ರೆಗೆ ತಂದವಳಂತೆ ಎದೆಗವಚಿಕೊಂಡು ಅಂಗಡಿಗೆ ಬಂದಳು. ನಾನೇ ಅವರಿಗೆ ಮಾರಿದ್ದ ಸೆಕೆಂಡ್ ಹ್ಯಾಂಡ್ ಯಂತ್ರ ಅದು. ನನ್ನ ಕೈಯಿಂದ ಹೋದ ಯಂತ್ರ ಕೆಟ್ಟು ವಾಪಸ್ಸು ಬಂದರೆ ನನಗೆ ಮೈ ಉರಿಯುತ್ತದೆ. ಮುಚ್ಚಳ ಬಿಚ್ಚಿದವಳೇ ಬೈಯಲು ಶುರು ಮಾಡಿದೆ.

"ಏನೇ ಹಾಲಮ್ಮ ಇದು ಧೂಳು. ಒಂದು ಮಳೆ ಬಿದ್ರೆ ಇದ್ರೊಳಗೆ ರಾಗಿ ಬೆಳೀಬೋದು."

"ಧೂಳಿಂದಾನೇ ಆಗಿರಬೋದಾ ಅಕ್ಕ?" ಅವಳ ಮುಖ ಅರಳಿತು. "ಹಂಗಾದ್ರೆ ಒರೆಸಿದ್ರೆ ಸರಿಹೋಗ್ತದೆ."

"ಮೊದ್ಲು ಏನಾಯ್ತು ಅಂತ ಹೇಳು."

"ಆಟ ಅಕ್ಕ. ಹೋಟ್ಲು ಆಟ. ನಿನ್ನೆ ಮಧ್ಯಾಹ್ನ ಆಡ್ತಾ ಆಡ್ತಾನೇ ಪರದೆ ಕಪ್ಪಗಾಗಿ ಮುಚ್ಕೊಂಡ್ಬಿಡ್ತು. ಮತ್ತೆ ತೆಗೆದ್ರೆ ತೆಗೀತದೆ, ನಮ್ ಹೋಟ್ಲು ಒತ್ತಿದ ತಕ್ಷಣ ಹೋಗ್ಬಿಡ್ತದೆ. ಮೊನ್ನೆ ಮಂಗಳವಾರ ವಿಂಡೋಸು ಅದೇನೋ ಅಪ್‌ಡೇಟು ಅಂತ ಅರ್ಧ ಗಂಟೆ ಗಿರಗಿರ ತಿರುಗ್ತು. ಅದ್ರಿಂದ್ಲೇ ಇರ್ಬೇಕು, ಅಲ್ವಾ?"

ಆ ಆಟ ಯಾವ ದೇಶದವರು ಮಾಡಿದ್ದೋ ಏನೋ. ಇಬ್ಬರು ಸೇರಿ ಒಂದು ಸಣ್ಣ ಹೋಟೆಲ್ ನಡೆಸಬೇಕು. ಒಬ್ಬರು ಒಲೆ ಮುಂದೆ ನಿಂತು ಬೇಯಿಸಬೇಕು, ಇನ್ನೊಬ್ಬರು ಬಡಿಸಬೇಕು. ಗಿರಾಕಿಗಳು ಬಂದು ಕೂತು, ತಡವಾದರೆ ಮುಖ ಕೆಂಪಗೆ ಮಾಡಿಕೊಂಡು ಎದ್ದುಹೋಗುತ್ತಾರೆ. ಕಾವಲಿಯ ಮೇಲೆ ಗುಂಡಗಿನ ಏನೋ ತಿಂಡಿ ಬೇಯುತ್ತದೆ. ಗಂಡ ಹೆಂಡತಿ ಇಬ್ಬರೂ ಅದನ್ನು ದೋಸೆ ಎಂದೇ ಕರೆಯುತ್ತಿದ್ದರಂತೆ. ಗಂಡ ಓಬಳೇಶ ಸುರಂಗದ ಕೆಲಸಕ್ಕೆ ಹೋಗಿ ಆಗ ಏಳು ತಿಂಗಳಾಗಿತ್ತು. ಮಕ್ಕಳಿಲ್ಲದ ಮನೆ, ಇಬ್ಬರೇ.

"ದಿನಾ ಇನ್ನೂರು ಮಕ್ಳಿಗೆ ಬೇಯಿಸಿ ಬೇಯಿಸಿ ಸಾಕಾಗೈತೆ, ಆಟದಾಗಾದ್ರೂ ನೀವು ಬೇಯಿಸ್ರಿ, ನಾನು ಬಡಿಸ್ತೀನಿ ಅಂದಿದ್ದೆ," ಎಂದಳು ಹಾಲಮ್ಮ. "ನಮ್ಮೋರು ಮನೇಲಿ ಒಂದು ಲೋಟ ನೀರು ಬಿಸಿ ಮಾಡಿದೋರಲ್ಲ. ಅದ್ರಲ್ಲಿ ಮಾತ್ರ ಏನು ಚುರುಕು ಅಂತೀರಿ. ಹೊರಡೋ ದಿನ, ನಾನು ಬರೋವರ್ಗೂ ಒಲೆ ಆರಿಸ್ಬೇಡ ಕಣೇ ಅಂದ್ರು. ಅದಕ್ಕೇ ಸ್ಕೂಲಿಂದ ಬಂದು ದಿನಾ ಒಂದು ಗಂಟೆ ಇಬ್ರುದ್ದೂ ನಾನೇ ಆಡ್ತೀನಿ. ಎಡಗೈ ಅವರ್ದು, ಬಲಗೈ ನಂದು."

ಎರಡು ಕೈಯಲ್ಲಿ ಎರಡು ಆಳಿನ ಆಟ ಹೇಗೆ ಆಡುತ್ತೀಯೇ ಎಂದು ಕೇಳಿದೆ. ಮೊದಮೊದಲು ದೋಸೆಯೆಲ್ಲ ಸೀದು ಗಿರಾಕಿಗಳು ಉಗಿದು ಹೋದರಂತೆ, ಈಗ ಎಡಗೈ ತಾನೇ ಕಲಿತಿದೆಯಂತೆ. ಹೇಳುತ್ತ ಅವಳು ಸೊಂಟದಿಂದ ಒಂದು ಬಟ್ಟೆ ಚೂರು ತೆಗೆದಳು. ಅರಿಶಿನ ಬಣ್ಣದ್ದು, ಹೆಬ್ಬೆರಳಿನಷ್ಟು ಅಗಲ. ನನ್ನ ಮಾನಿಟರಿನ ಬಲಮೂಲೆಗೆ ಅದನ್ನಿಟ್ಟು, ನನ್ನ ಮೇಜಿನ ಮೇಲಿದ್ದ ಸೆಲ್ಲೋಟೇಪನ್ನೇ ಹರಿದು ನಾಲ್ಕು ಕಡೆಯೂ ಅಂಟಿಸಿದಳು. ಆಟದಲ್ಲಿ ಹೋಟೆಲುಗಳ ಪಟ್ಟಿ ಬರುವಾಗ ಎಡಕ್ಕೆ ಅವಳ ಹೆಸರು, ಬಲಕ್ಕೆ ಅವನ ಹೆಸರು ಬರುತ್ತದೆ. ಯಾವ ಲಿಪಿಯಲ್ಲಾದರೂ ಹೆಸರು ಹಾಕಬಹುದೆಂದೇ ಓಬಳೇಶ ಆ ಆಟ ಕೊಂಡಿದ್ದನಂತೆ. ಅವನು ಹೊರಟ ದಿನವೇ ಮನೆಯ ಮಾನಿಟರಿಗೂ ಹೀಗೇ ಬಟ್ಟೆ ಅಂಟಿಸಿದ್ದಳು. ನಾನೂ ಊರವಳೇ ತಾನೆ, ಸುಮ್ಮನೆ ನೋಡಿದೆ. ಟೇಪು ಒಂದು ಕಡೆ ಸಡಿಲವಾಗಿತ್ತು, ನಾನೇ ಒತ್ತಿ ಸರಿಮಾಡಿದೆ.

ಆಮೇಲೆ ಶುರುವಾಯಿತು ನನ್ನ ಪರದಾಟ. ಗುರುವಾರ ಸಂಜೆ ಬ್ಲೋವರ್ ಹಿಡಿದು ಧೂಳು ಊದಿದೆ. ರ‍್ಯಾಮ್ ಕಿತ್ತು ಅದರ ಹಲ್ಲುಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಹಾಕಿದೆ. ನಮ್ಮ ಕಸುಬಿನಲ್ಲಿ ಅರ್ಧ ರೋಗಕ್ಕೆ ಆ ರಬ್ಬರೇ ಮದ್ದು. ಆಟ ಹಾಕಿ ಅವರ ಹೋಟೆಲ್ ಒತ್ತಿದೆ. ಕಪ್ಪು ಪರದೆ, ಒಂದು ಕ್ಷಣ, ಮತ್ತೆ ಡೆಸ್ಕ್‌ಟಾಪು. ಶುಕ್ರವಾರ ಗ್ರಾಫಿಕ್ಸ್ ಡ್ರೈವರ್ ತೆಗೆದು ಹೊಸದು ಹಾಕಿದೆ, ಅದು ಒಗ್ಗದೆ ಹಳೆಯದನ್ನೇ ಹುಡುಕಿ ಹಾಕಿದೆ. ಮಂಗಳವಾರದ ಅಪ್‌ಡೇಟನ್ನು ಕಿತ್ತು ಬಿಸಾಡಿದೆ. ಪ್ರೊಸೆಸರಿನ ಮೇಲಿನ ಒಣಗಿದ ಪೇಸ್ಟು ಕೆರೆದು ಹೊಸದಾಗಿ ಸವರಿದೆ. ಆಂಟಿವೈರಸ್ ಕಾಟವಿರಬಹುದೆಂದು ಅದರ ಬಾಯಿ ಮುಚ್ಚಿಸಿದೆ. ಒಳಗಿದ್ದ ಹೋಟೆಲಿನ ಫೈಲನ್ನು ಜೋಪಾನವಾಗಿ ಪೆನ್‌ಡ್ರೈವಿಗೆ ಎತ್ತಿಟ್ಟುಕೊಂಡು, ಆಟವನ್ನೇ ಅಳಿಸಿ ಬುಡದಿಂದ ಹಾಕಿದೆ. ಏನು ಮಾಡಿದರೂ ಅಷ್ಟೇ. ಹೊಸ ಹೋಟೆಲ್ ತೆರೆದರೆ ಆಟ ಬೆಣ್ಣೆಯ ಹಾಗೆ ಓಡುತ್ತದೆ. ಅವರ ಹೋಟೆಲ್ ಒತ್ತಿದರೆ ಮುಚ್ಚಿಕೊಳ್ಳುತ್ತದೆ.

ಬೇರೆ ಊರಿನ ಯಾವ ಮೆಕ್ಯಾನಿಕ್ಕಾದರೂ ಮೊದಲ ದಿನವೇ ಆ ಬಟ್ಟೆ ಕಿತ್ತು, ಅದರ ಕೆಳಗೇನಿದೆ ಎಂದು ನೋಡುತ್ತಿದ್ದ. ಹೊಸದು ಓಡಿ ಹಳೆಯದು ಓಡದಿದ್ದರೆ ತೊಂದರೆ ಹಳೆಯದರಲ್ಲೇ ಇದೆ ಎಂಬುದಕ್ಕೆ ದೊಡ್ಡ ಬುದ್ಧಿ ಬೇಕಾಗಿಲ್ಲ. ನಾನು ಮಾತ್ರ ಆ ಮೂಲೆಯೊಂದನ್ನು ಬಿಟ್ಟು ಯಂತ್ರದ ಮೈಯನ್ನೆಲ್ಲ ತಡಕಿದೆ. ಬೇಕೆಂದು ತಪ್ಪಿಸಿಕೊಂಡೆ ಎಂದಲ್ಲ. ಆ ಕಡೆ ಕಣ್ಣೇ ಹೋಗಲಿಲ್ಲ. ಬಟ್ಟೆ ಕಂಡಲ್ಲಿ ನೋಡಬಾರದೆಂದು ಹುಟ್ಟಿದಾರಭ್ಯ ಕಲಿತ ಕಣ್ಣು.

ಹಾಲಮ್ಮ ದಿನವೂ ಸ್ಕೂಲು ಮುಗಿಸಿ ಬರುತ್ತಿದ್ದಳು. ಕೈಯಿಂದ ಇನ್ನೂ ಸಾರಿನ ವಾಸನೆ ಬರುತ್ತಿತ್ತು. ಸ್ಟೂಲಿನ ಮೇಲೆ ಕೂತು, ಇವತ್ತು ಏನು ನೋಡಿದ್ರಿ, ನಾಳೆ ಏನು ನೋಡ್ತೀರಿ ಎಂದು ಕೇಳುವಳು. ನಾನು ಡ್ರೈವರ್ ಎಂದರೆ ಡ್ರೈವರ್ ಅಂದರೇನು, ರ‍್ಯಾಮ್ ಎಂದರೆ ಅದು ಎಲ್ಲಿರುತ್ತದೆ. ಇಷ್ಟು ಮಾತಾಡುವವಳಲ್ಲ ಅವಳು. ಶನಿವಾರ ನನಗೆ ಒಂದು ವಿಷಯ ಹೊಳೆಯಿತು. ಕೆಲವು ಆಟಗಳಿಗೆ ಕನ್ನಡದ ಅಕ್ಷರ ಕಂಡರೆ ಆಗುವುದಿಲ್ಲ, ಒತ್ತಕ್ಷರವೋ ದೀರ್ಘವೋ ಬಂದರೆ ಉಸಿರುಗಟ್ಟಿ ಬೀಳುತ್ತವೆ. ಅಪ್‌ಡೇಟ್ ಆದ ಮೇಲೆ ಇದಕ್ಕೂ ಹಾಗೇ ಆಗಿರಬೇಕು.

"ಹೆಸರು ಇಂಗ್ಲಿಷಿನಲ್ಲಿ ಬರೆದ್ರೆ ಸರಿ ಹೋಗ್ಬೋದು ಹಾಲಮ್ಮ," ಎಂದೆ. "ನಿಂದು ಬದಲಾಯಿಸಿ ನೋಡಿದೆ, ಆಗ್ಲಿಲ್ಲ. ಓಬಳೇಶಂದೂ ಬದಲಾಯಿಸ್ಬೇಕು. ಆ ಬಟ್ಟೆ ಒಂದು ನಿಮಿಷ ಎತ್ತಲಾ?"

ಅವಳು ಸ್ಟೂಲಿನಿಂದ ಎದ್ದೇಬಿಟ್ಟಳು. "ಬೇಡ ಅಕ್ಕ."

"ನೀನು ಆ ಕಡೆ ತಿರುಗಿಕೋ. ನಾನೊಬ್ಳೇ ನೋಡ್ತೀನಿ."

"ಬೇಡ ಅಂದ್ನಲ್ಲ. ಅವ್ರು ಬಂದು ಅವರ ಕೈಯಾರೆ ತೆಗೀಲಿ. ಇನ್ನು ಎರಡೇ ತಿಂಗಳು. ಅಲ್ಲಿವರ್ಗೂ ಬೇರೇನಾದ್ರೂ ನೋಡಿ. ಆ ಕರೆಂಟಿನ ಡಬ್ಬಿ ಅಂತಿದ್ರಲ್ಲ, ಅದು ನೋಡಿದ್ರಾ?"

ಪವರ್ ಸಪ್ಲೈ ನೋಡಿದ್ದೆ, ಸರಿಯಿತ್ತು. ಆದರೂ ಅವಳೆದುರಿಗೆ ಮತ್ತೊಮ್ಮೆ ಬಿಚ್ಚಿ ತೋರಿಸಿದೆ.

ಭಾನುವಾರ ಅಂಗಡಿ ಮುಚ್ಚಿತ್ತು. ನನಗೆ ಊಟ ಸೇರಲಿಲ್ಲ. ಹಾಲಮ್ಮನ ಮೇಲಿನ ಮರುಕ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ, ಬರೀ ಹಟ. ನೀಲಿ ಬಾಗಿಲಿಗೆ ಬಂದ ಯಂತ್ರ ರಿಪೇರಿಯಾಗದೆ ಹೋಯಿತು ಎಂದು ಯಾರೂ ಅನ್ನಬಾರದೆಂಬ ಹಟ. ಸೋಮವಾರ ಬೆಳಿಗ್ಗೆ ಅಂಗಡಿ ತೆರೆದವಳೇ, ಬಟ್ಟೆಯನ್ನೇನೂ ಮುಟ್ಟಬೇಕಾಗಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೋಟೆಲಿನ ಫೈಲು ಪೆನ್‌ಡ್ರೈವಿನಲ್ಲಿದೆ. ಅದನ್ನು ನನ್ನ ಯಂತ್ರಕ್ಕೆ ಹಾಕಿ ನೋಟ್‌ಪ್ಯಾಡಿನಲ್ಲಿ ತೆರೆದರಾಯಿತು. ಬಟ್ಟೆ ಅದರ ಪಾಡಿಗೆ ಅಲ್ಲಿರುತ್ತದೆ. ಕಳ್ಳನಿಗೊಂದು ಪಿಳ್ಳೆ ನೆವ.

ತೆರೆದೆ. ಅರ್ಥವಾಗದ ಅಂಕಿಗಳ ನಡುವೆ ಮೇಲುಗಡೆಯೇ ಎರಡು ಸಾಲು ಸಿಕ್ಕವು. ಬಡಿಸುವವರು ಎಂಬರ್ಥದ ಇಂಗ್ಲಿಷ್ ಪದದ ಮುಂದೆ, ಹಾಲಮ್ಮ. ಅಡುಗೆಯವರು ಎಂಬರ್ಥದ ಪದದ ಮುಂದೆ ಏನೂ ಇಲ್ಲ. ಆಹಾ, ಸಿಕ್ಕಿತು ಕಳ್ಳ ಎಂದು ಖುಷಿಯಾಯಿತು ನೋಡಿ. ಈಗ ನೆನೆದರೆ ನಾಚಿಕೆಯಾಗುತ್ತದೆ. ಫೈಲು ಕೆಟ್ಟು ಒಂದು ಹೆಸರು ಹಾರಿಹೋಗಿದೆ, ಆಟ ಅಡುಗೆಯವನ ಹೆಸರು ಹುಡುಕಿ ಸಿಗದೆ ಮುಗ್ಗರಿಸಿ ಬೀಳುತ್ತಿದೆ, ಇಷ್ಟೇ. ಖಾಲಿ ಜಾಗದಲ್ಲಿ ಓಬಳೇಶ ಎಂದು ಒತ್ತಿದೆ. ಶ ಬರುವಷ್ಟರಲ್ಲಿ ಓ ಇರಲಿಲ್ಲ. ಮತ್ತೆ ಒತ್ತಿದೆ. ಮತ್ತೆ ಹಾಗೇ, ಮೊದಲ ಅಕ್ಷರದಿಂದ ಒಂದೊಂದೇ ಹೋಯಿತು. ಈ ದರಿದ್ರ ಕೀಬೋರ್ಡು ಎಂದು ಬೈದು ಅದನ್ನು ಕಿತ್ತು, ಷೋಕೇಸಿನಿಂದ ಹೊಸದನ್ನು ತೆಗೆದು ಹಾಕಿದೆ. ಪರೀಕ್ಷೆಗೆಂದು ಕಾತ್ಯಾಯಿನಿ ಎಂದು ನನ್ನ ಹೆಸರು ಒತ್ತಿದೆ. ನಿಂತಿತು. ಹಾಲಮ್ಮ ಎಂದು ಒತ್ತಿದೆ. ನಿಂತಿತು. ಓಬಳೇಶ ಎಂದು ಒತ್ತಿದೆ.

ಕೈ ಕೀಬೋರ್ಡಿನ ಮೇಲೇ ಇತ್ತು, ಎತ್ತಲಾಗಲಿಲ್ಲ. ಬೀದಿಯಲ್ಲಿ ಯಾರೋ ಸೊಪ್ಪು ಕೂಗಿಕೊಂಡು ಹೋದರು. ದಂಟು, ಮೆಂತ್ಯ, ಸಬ್ಬಸಿಗೆ ಅಂತ. ಪೂರ್ತಿ ಬೀದಿ ದಾಟಿ ಹೋಗುವವರೆಗೂ ಕೇಳುತ್ತ ಕೂತಿದ್ದೆ.

ನನ್ನ ತಲೆಗೆ ಆಮೇಲೆ ಏನೇನು ಬಂತೆಂದು ಮುಚ್ಚಿಡದೆ ಹೇಳುತ್ತೇನೆ. ಆ ಜಾಗದಲ್ಲಿ ಅಡುಗೆಯವರು ಎಂದಷ್ಟೇ ಬರೆದುಬಿಟ್ಟರೆ ಆಟ ಓಡುತ್ತಿತ್ತು. ಹೆಸರಲ್ಲದ್ದು ಅಳಿಯುವುದಿಲ್ಲ. ಬಟ್ಟೆಯ ಕೆಳಗೆ ಏನಿದೆಯೆಂದು ಅವಳಂತೂ ನೋಡುವುದಿಲ್ಲ. ಅಪ್‌ಡೇಟಿನ ತಪ್ಪು ಕಣೇ, ಸರಿಮಾಡಿದೆ ಎಂದರೆ ಸಂತೋಷದಿಂದ ಎತ್ತಿಕೊಂಡು ಹೋಗುತ್ತಾಳೆ. ಎರಡು ತಿಂಗಳೋ ಎರಡು ವಾರವೋ, ಸುದ್ದಿ ತನ್ನಷ್ಟಕ್ಕೆ ಬರುವವರೆಗೆ ಎರಡು ಕೈಯಲ್ಲಿ ದೋಸೆ ಹೊಯ್ದುಕೊಂಡಿರುತ್ತಾಳೆ. ಅದರಲ್ಲಿ ಯಾರಿಗೆ ಏನು ನಷ್ಟ? ಹೀಗೆಂದುಕೊಂಡು 'ಅ' ಒತ್ತಿಯೂ ಬಿಟ್ಟೆ. ಆಗ ಅಮ್ಮ ನೆನಪಾದಳು. ಅಣ್ಣನ ಗಂಟು ಅಟ್ಟದ ಮೇಲಿರುವಾಗ ಆರು ದೀಪಾವಳಿಗೆ ಅವನಿಗೊಂದು ಅಂಗಿ ತೆಗೆದಿಟ್ಟಿದ್ದಳು. ಅದರಲ್ಲಿ ಎಷ್ಟು ಅಂಗಿ ಇರುವವನಿಗೆ, ಎಷ್ಟು ಇಲ್ಲದವನಿಗೆ? ಅದನ್ನು ಲೆಕ್ಕ ಹಾಕುತ್ತಲೇ ಸತ್ತಳು. 'ಅ' ಅಳಿಸಿದೆ.

ಯಾವ ಆಟ, ಯಾವ ಪ್ರೋಗ್ರಾಮು ಬಿದ್ದರೂ ವಿಂಡೋಸ್ ತನ್ನೊಳಗೆ ಒಂದು ದಿನಚರಿ ಬರೆದಿಟ್ಟುಕೊಳ್ಳುತ್ತದೆ, ಇಂಥ ದಿನ, ಇಷ್ಟು ಗಂಟೆಗೆ ಇಂಥದ್ದು ನಿಂತಿತು ಅಂತ. ಹಾಲಮ್ಮನ ಯಂತ್ರದಲ್ಲಿ ಅದನ್ನು ತೆರೆದು ಮೊದಲ ಸಾಲು ಹುಡುಕಿದೆ. ಒಂದು ಚೀಟಿಯಲ್ಲಿ ಬರೆದುಕೊಂಡೆ. ಅಂಗಡಿಗೆ ಬೀಗ ಹಾಕಿ, ಸಿಪಿಯುವನ್ನು ಅದೇ ಹಳೆ ಸೀರೆಯಲ್ಲಿ ಸುತ್ತಿ ಸ್ಕೂಟರಿನ ಮುಂದುಗಡೆ ಇಟ್ಟುಕೊಂಡು, ಶಾಲೆ ಬಿಡುವ ಹೊತ್ತಿಗೆ ಅವಳ ಮನೆಗೆ ಹೋದೆ. ಅವಳು ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದಳು. ಬಾಗಿಲ ಪಕ್ಕ ಗೋಡೆಯಲ್ಲಿ ಹೆಸರು ಕೆತ್ತಿದ ಕಲ್ಲಿತ್ತು, ಅವನೇ ಕೆತ್ತಿದ್ದು, ಅದರ ಅರ್ಧಕ್ಕೆ ಅರಿಶಿನ ಬಟ್ಟೆ. ನಾನು ಹೊಸ್ತಿಲಾಚೆಯೇ ನಿಂತೆ. ಒಳಗೆ ಬಾರದೆ ನಿಂತವಳನ್ನು ಕಂಡು ಅವಳ ಕೈಯ ಚೊಂಬು ಹಾಗೇ ನಿಂತಿತು.

"ರಿಪೇರಿ ಆಯ್ತಾ ಅಕ್ಕ?"

ನಾನು ಸಿಪಿಯುವನ್ನು ಹೊಸ್ತಿಲ ಪಕ್ಕ ಇಳಿಸಿದೆ.

"ಫ್ಯಾನು ಹೋಗಿತ್ತೇನು?"

"ಇಲ್ಲ ಹಾಲಮ್ಮ."

"ಡ್ರೈವರ್ರು?"

"ಅಲ್ಲ."

"ರ‍್ಯಾಮು ಸುಟ್ಟಿರ್ತದೆ. ನೀವೇ ಅಂದ್ರಿ, ರ‍್ಯಾಮು ಸುಟ್ರೆ ಹಿಂಗಾಗ್ತದೆ ಅಂತ."

"ರ‍್ಯಾಮು ಚೆನ್ನಾಗೈತೆ ಕಣೇ."

"ಮಂಗಳವಾರದ ಅಪ್‌ಡೇಟು," ಎಂದಳು. ದನಿ ಸಣ್ಣಗಾಗಿತ್ತು. "ಅದು ಆದ ಮಾರನೇ ದಿನಾನೇ ಅಲ್ವಾ ಹಿಂಗಾಗಿದ್ದು. ಅದೇ ಇರ್ಬೇಕು. ಅದೇ ಅಂತ ಹೇಳಿ ಅಕ್ಕ."

ಯಂತ್ರದಲ್ಲಿ ಏನೂ ಕೆಟ್ಟಿಲ್ಲ ಎಂದೆ. ಅವಳು ಚೊಂಬನ್ನು ಕೆಳಗಿಟ್ಟಳು, ಸೆರಗಿನಿಂದ ಕೈ ಒರೆಸಿಕೊಂಡಳು, ಹೊಸ್ತಿಲಿನ ಒಳಗೆ ಬಂದು ನನ್ನೆದುರಿಗೆ ನಿಂತಳು. "ಕೂಗಿ ಹಂಗಾದ್ರೆ," ಎಂದಳು.

"ಓಬಳೇಶ," ಎಂದು ಕೂಗಿದೆ. ಒಂದೇ ಸಲ ಕೂಗಬೇಕು. ಪಕ್ಕದ ಮನೆಯ ಮಿಕ್ಸಿ ನಿಂತಿತು, ಎದುರು ಮನೆಯ ಹೆಂಗಸು ಹೊರಗೆ ಬಂದಳು. ಬಂದವರೆಲ್ಲ ಹಾಲಮ್ಮನ ಬಾಯನ್ನೇ ನೋಡುತ್ತ ನಿಂತರು.

ಹಾಲಮ್ಮ ಬಾಯಿ ತೆರೆದಳು. ಏನೂ ಬರಲಿಲ್ಲ. ಮತ್ತೆ ತೆರೆದಳು. ಅವಳು ಹತ್ತೊಂಬತ್ತು ವರ್ಷ ಸಂಸಾರ ಮಾಡಿದವಳು, ಗಂಡನ ಹೆಸರನ್ನು ಒಮ್ಮೆಯೂ ಬಾಯಿಂದ ಹೇಳಿದವಳಲ್ಲ. ನಮ್ಮಲ್ಲಿ ಯಾವ ಹೆಂಗಸು ತಾನೇ ಹೇಳುತ್ತಾಳೆ? ನಮ್ಮೋರು, ಮನೆಯೋರು, ಇವರು, ಅವರು. ಮದುವೆಯ ದಿನ ಒಗಟಿನಲ್ಲಿ ಹೇಳು ಎಂದು ಎಲ್ಲರೂ ಪೀಡಿಸಿದಾಗಲೂ ಮುಖ ಮುಚ್ಚಿಕೊಂಡು ಒಳಗೆ ಓಡಿದ್ದಳಂತೆ. "ಬರ್ತಾ ಇಲ್ಲ ಅಕ್ಕ," ಎಂದಳು. "ನಾಲಿಗೆ ಏಳ್ತಾ ಇಲ್ಲ." ಎದುರು ಮನೆಯವಳು, ದೀಪ ಹಚ್ಚೋಕೆ ಇನ್ನೂ ಹೊತ್ತೈತೆ, ಕೂತ್ಕೊಳ್ಳೇ ಎಂದು ಹಿಡಿದು ಕೂರಿಸಿದಳು. ಹಾಲಮ್ಮ ಅಳಲಿಲ್ಲ. "ಯಾವತ್ತು?" ಎಂದು ಕೇಳಿದಳು. ನಮ್ಮೂರಿನಲ್ಲಿ ದೂರ ಹೋದವರ ವಿಷಯಕ್ಕೆ ಯಾರೂ ಉತ್ತರ ಹೇಳಲಾರದ ಪ್ರಶ್ನೆ ಅದು. ನಾನು ಚೀಟಿ ತೆಗೆದು ಓದಿದೆ. ಬುಧವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತೆರಡು ನಿಮಿಷ.

"ನಾನು ಆಡ್ತಾ ಇದ್ದೆ," ಎಂದಳು. "ಆರು ಜನ ಗಿರಾಕಿ ಕೂತಿದ್ರು. ಅವರ ಕೈಲಿ ಕಾವಲಿ ಮೇಲೆ ಎರಡು ದೋಸೆ ಹಾಕಿದ್ದೆ." ಎಡಗೈಯನ್ನು ಎತ್ತಿ, ಹಿಂದು ಮುಂದು ತಿರುಗಿಸಿ ನೋಡಿಕೊಂಡಳು. ಆಗ ಅತ್ತಳು. ಆ ಅಳು ನಾನು ಮರೆಯುವಂಥದ್ದಲ್ಲ, ಅದನ್ನು ಬಾಯಲ್ಲಿ ಹೇಳಲು ಹೋಗುವುದಿಲ್ಲ.

ಐದು ದಿನ ಬಿಟ್ಟು, ಶನಿವಾರ, ಸುರಂಗದ ಮೇಸ್ತ್ರಿಯ ಕಡೆಯವನೊಬ್ಬ ಬಂದ. ಹೊರಗಿನವನು. ಕಲ್ಲು ಕುಸಿಯಿತು, ಗುರುವಾರ ಇರಬೇಕು ಎಂದು ತಡವರಿಸಿದ. ಹಾಲಮ್ಮ ಅವನಿಗೆ, ಅಲ್ಲಪ್ಪ, ಬುಧವಾರ, ಮೂರು ನಲವತ್ತೆರಡು ಎಂದಳು. ಅವನು ಬೆವರಿದ. ಸಹಿಗೆಂದು ತಂದಿದ್ದ ಕಾಗದ ತೆಗೆದರೆ ಅದರಲ್ಲಿ ಹೆಸರಿರಬೇಕಾದ ಕಡೆಯೆಲ್ಲ ಬಿಳಿ. ಅಲ್ಲಿಂದ ಹೊರಡುವಾಗ ಸರಿಯಾಗಿತ್ತಮ್ಮ, ಪ್ರಿಂಟರಿನ ತಪ್ಪೋ ಏನೋ ಎಂದು ಕಾಗದವನ್ನು ಮೇಲೆ ಕೆಳಗೆ ಮಾಡಿದ. ಅವನಿಗೆ ಯಾರೂ ಏನೂ ಹೇಳಲಿಲ್ಲ. ಅದಿರಲಿ, ಅದು ಆಮೇಲಿನ ಮಾತು.

ಆ ಸೋಮವಾರ ಸಂಜೆ ಬಿಸಿಲು ಹಿತ್ತಲಿನ ಗೋಡೆ ಏರುತ್ತಿರುವಾಗ, ಹೆಂಗಸರೆಲ್ಲ ಸುತ್ತ ಕೂತು ಹೇಳೇ ಹೇಳೇ ಎಂದು ಪುಸಲಾಯಿಸುತ್ತಿರುವಾಗ, ಹಾಲಮ್ಮ ಎದ್ದು ಸಿಪಿಯುವಿನ ಮೇಲಿನ ಸೀರೆ ಬಿಚ್ಚಿದಳು. "ಇದನ್ನ ಜೋಡಿಸಿ ಅಕ್ಕ," ಎಂದಳು.

"ಈಗ್ಲಾ?"

"ಇವತ್ತು ಈ ಮನೇಲಿ ಒಲೆ ಹಚ್ಚೋ ಹಾಗಿಲ್ಲ. ಅವ್ರು ಒಲೆ ಆರಿಸ್ಬೇಡ ಅಂದಿದ್ರು. ಇದಾದ್ರೂ ಉರೀಲಿ."

ಸಾವಿನ ಮನೆಯಲ್ಲಿ ಆಟವೇನೇ ಎಂದು ಒಬ್ಬ ಮುದುಕಿ ಗೊಣಗಿದಳು. ನಾನು ಕಿವಿಗೆ ಹಾಕಿಕೊಳ್ಳದೆ ತಂತಿಗಳನ್ನು ಜೋಡಿಸಿದೆ. ಅಡುಗೆಯವರ ಜಾಗಕ್ಕೆ ಯಾವ ಹೆಸರನ್ನಾದರೂ ಹಾಕಬೇಕು, ಖಾಲಿ ಬಿಟ್ಟರೆ ತೆರೆಯುವುದಿಲ್ಲ ಎಂದು ವಿವರಿಸಿದೆ. ಸಂಕೋಚದಿಂದಲೇ ಯಾರ ಹೆಸರು ಹಾಕಲಿ ಎಂದು ಕೇಳಿದೆ. ಅವಳು ಯೋಚನೆಯನ್ನೇ ಮಾಡಲಿಲ್ಲ. "ನಂದೇ ಹಾಕಿ. ಎರಡೂ ಕಡೆ ನಾನೇ ಅಲ್ವಾ ಆಡ್ತಿದ್ದುದು." ನೋಟ್‌ಪ್ಯಾಡಿನಲ್ಲಿ ಖಾಲಿ ಜಾಗದ ಮೇಲೆ ಹಾಲಮ್ಮ ಎಂದು ಒತ್ತಿದೆ. ನಿಂತಿತು. ಅವಳು ಮಾನಿಟರಿನ ಮೂಲೆಗೆ ಕೈಯಿಟ್ಟು ಬಟ್ಟೆಯನ್ನು ತಾನೇ ಕಿತ್ತಳು. ಏಳು ತಿಂಗಳ ಟೇಪು, ಅಂಟು ಗಾಜಿನ ಮೇಲೇ ಉಳಿಯಿತು. ಅದನ್ನು ಉಗುರಿನಿಂದ ನಿಧಾನವಾಗಿ ಕೆರೆದಳು.

ಆಟ ತೆರೆಯಿತು. ಪಟ್ಟಿಯಲ್ಲಿ ಎಡಕ್ಕೂ ಹಾಲಮ್ಮ, ಬಲಕ್ಕೂ ಹಾಲಮ್ಮ. ಅವಳು ಹೋಟೆಲ್ ಒತ್ತಿದಳು. ಪರದೆ ಕಪ್ಪಗಾಯಿತು, ಒಂದು ಕ್ಷಣ, ಎರಡು ಕ್ಷಣ, ಮತ್ತೆ ಬೆಳಕಾಯಿತು. ಬುಧವಾರ ನಿಂತಲ್ಲೇ ಇತ್ತು ಎಲ್ಲ. ಆರು ಗಿರಾಕಿಗಳು ಹಾಗೇ ಕೂತಿದ್ದರು. ಒಲೆಯ ಮುಂದೆ ಬಿಳಿ ಟೋಪಿಯ ಸಣ್ಣ ಮನುಷ್ಯನೊಬ್ಬ ಬೆನ್ನು ಮಾಡಿ ನಿಂತಿದ್ದ. ಹಾಲಮ್ಮ ಮುಂದೆ ಸರಿದು ಕೂತು ಎರಡು ಕೈಗಳನ್ನೂ ಕೀಬೋರ್ಡಿನ ಮೇಲಿಟ್ಟಳು. ಬಲಗೈ ಓಡಾಡಿ ತಟ್ಟೆ ಎತ್ತಿತು, ಮೇಜು ಒರೆಸಿತು. ಎಡಗೈ ಅಲುಗಾಡಲಿಲ್ಲ. ಗಿರಾಕಿಯೊಬ್ಬನ ಮುಖ ಕೆಂಪಗಾಗತೊಡಗಿತು. ಪಕ್ಕದ ಮನೆಯಲ್ಲಿ ದೀಪಕ್ಕೆ ಎಣ್ಣೆ ಹಾಕುವ ಸದ್ದಾಯಿತು.

ಬಡಿಸುವವರು ಒಳಗಿನ ಅಡುಗೆಯವರಿಗೆ ಕೂಗಿ ಹೇಳುವುದಿಲ್ಲವೇ, ಹಾಗೆ, ತಲೆಯನ್ನು ತುಸು ಆ ಕಡೆ ತಿರುಗಿಸಿ, ಸುತ್ತ ಕೂತವರಿಗೆಲ್ಲ ಕೇಳುವಷ್ಟು ಜೋರಾಗಿ ಅವಳು ಹೇಳಿದಳು.

"ಓಬಳೇಶ, ಎರಡು ದೋಸೆ."

ಎಡಗೈ ಕಾವಲಿಯ ಕಡೆ ಹೋಯಿತು.